ಹಿತ್ತಲಿನಾಚೆಯೇ ಸ್ನೋಮೊಬೈಲ್ ದಾರಿಯಿದ್ದರೆ ಬಾಳಲಾದೀತೇ?

ಅಮೆರಿಕದ ಮಿಶಿಗನ್ನಿನ ಹೋಟನ್ ಹತ್ತಿರದ ಹಳ್ಳಿಯಲ್ಲಿ ಮನೆ ಕೊಳ್ಳುವವರಿದ್ದೀರಿ, ಹಿತ್ತಲಿನಾಚೆ ಸ್ನೋಮೊಬೈಲ್, ಅಂದರೆ ಹಿಮದ ಮೇಲೆ ಓಡುವ ಮೋಟಾರು ಗಾಡಿಗಳ ದಾರಿ ಹಾದುಹೋಗುತ್ತದೆ, ಮನೆಯಲ್ಲಿ ಹಸುಗೂಸಿದೆ, ಆ ಸದ್ದಿನೊಂದಿಗೆ ಬಾಳಲಾದೀತೇ ಎಂದು ಕೇಳಿದ್ದೀರಿ. ಅದೇ ಕೀವಿನಾ ಸೀಮೆಯಲ್ಲಿ ನಾನು 11 ಚಳಿಗಾಲ ಕಳೆದಿದ್ದೇನೆ. ನಮ್ಮ ಹಿಂಬಾಗಿಲಿಗೂ ದಾರಿಗೂ ನಡುವೆ 200 ಅಡಿ. ಬಾಳಬಹುದು. ಆದರೆ ಬೇಸಿಗೆಯಲ್ಲಿ ಮನೆ ನೋಡಿ ಮುಂಗಡ ಕೊಟ್ಟುಬಿಡಬೇಡಿ. ನಾವು ಮಾಡಿದ ತಪ್ಪು ಅದೇ.

ನಾವು ಮನೆ ನೋಡಿದ್ದು ಜುಲೈನಲ್ಲಿ. ತಾಮ್ರದ ಗಣಿಗಳ ಕಾಲದ ರೈಲು ಹಳಿ ಕಿತ್ತ ಮೇಲೆ ಉಳಿದ ನೇರವಾದ, ಸಮತಟ್ಟಾದ ದಾರಿ ಅದು. ಎರಡೂ ಬದಿ ಥಿಂಬಲ್‌ಬೆರಿ ಪೊದೆ, ನಾಯಿ ಹಿಡಿದು ನಡೆಯುವ ಒಬ್ಬಿಬ್ಬರು. ಸಂಜೆಯ ವಾಯುವಿಹಾರಕ್ಕೆ ಹೇಳಿ ಮಾಡಿಸಿದ ಜಾಗ ಎಂದು ನಾನೂ ಹೆಂಡತಿಯೂ ಹಿಗ್ಗಿದೆವು. ಡಿಸೆಂಬರ್ 1ಕ್ಕೆ ಅದು ಸ್ನೋಮೊಬೈಲ್‌ಗಳಿಗೆ ತೆರೆಯಿತು. ಮಾರ್ಚ್ ಕೊನೆಯವರೆಗೆ ಅವುಗಳದ್ದೇ ಕಾರುಬಾರು. ಸುಪೀರಿಯರ್ ಸರೋವರದ ತೇವ ಹೊತ್ತ ಗಾಳಿ ಇಲ್ಲಿ ಸುರಿಸುವ ಹಿಮ ಅಷ್ಟಿಷ್ಟಲ್ಲ. 1978-79ರ ಚಳಿಗಾಲದಲ್ಲಿ 390 ಇಂಚು ಬಿದ್ದಿತ್ತು, ಹತ್ತಿರ ಹತ್ತಿರ 10 ಮೀಟರ್. ಆ ಹಿಮವನ್ನು ಅರಸಿ ವಿಸ್ಕಾನ್ಸಿನ್, ಇಲಿನಾಯ್ ಕಡೆಯಿಂದಲೂ ಜನ ಬರುತ್ತಾರೆ. ಊರಿನ ಪೆಟ್ರೋಲ್ ಬಂಕ್, ಹೋಟೆಲುಗಳ ಚಳಿಗಾಲದ ವ್ಯಾಪಾರ ಬಹುಪಾಲು ಅವರಿಂದಲೇ.

ಸದ್ದು ಹೇಗಿರುತ್ತದೆ? ಮೈಸೂರಿನ ಯೆಜ್ಡಿ ಬೈಕಿನ ಸದ್ದು ಕೇಳಿ ಬೆಳೆದವರಿಗೆ ಟು-ಸ್ಟ್ರೋಕ್ ಎಂಜಿನ್ ಎಂದರೆ ಏನೆಂದು ಹೇಳಬೇಕಿಲ್ಲ. ಅಂಥ ಆರೇಳು ಬೈಕುಗಳು ಸಾಲುಗಟ್ಟಿ ಬೇಲಿಯ ಪಕ್ಕದಲ್ಲಿ ಹೋದಂತೆ. ಹೋದ ಮೇಲೂ ಸುಟ್ಟ ಎಣ್ಣೆಯ ವಾಸನೆ ಚಳಿಯಲ್ಲಿ ಹಾಗೇ ನಿಂತಿರುತ್ತದೆ. ಈಚಿನ ಫೋರ್-ಸ್ಟ್ರೋಕ್ ಗಾಡಿಗಳು ಎಷ್ಟೋ ವಾಸಿ. ಒಂದೇ ವೇಗದಲ್ಲಿ ಹಾದುಹೋಗುವ ಸದ್ದಿಗೆ ನನ್ನ ಕಿವಿ ಎರಡು ವಾರದಲ್ಲಿ ಒಗ್ಗಿತು. ಇಂದಿಗೂ ಒಗ್ಗದಿರುವುದು ನಿಂತು ಹೊರಡುವ ಸದ್ದು. ನಮ್ಮ ಮನೆಯ ಓರೆಗೆ ಆ ದಾರಿ ಡಾಂಬರು ರಸ್ತೆಯನ್ನು ದಾಟುತ್ತದೆ, ಅಲ್ಲಿ ಎಲ್ಲರೂ ನಿಲ್ಲಲೇಬೇಕು. ಮಗಳು ಹುಟ್ಟಿದ ವರ್ಷ, ಒಂದು ರಾತ್ರಿ ಒಂದೂವರೆಗೆ ನಾಲ್ಕು ಗಾಡಿಗಳು ಬಂದು ನಿಂತವು. ಗುಡುಗುಡು ಎನ್ನುತ್ತಿದ್ದ ಎಂಜಿನ್‌ಗಳು ಒಂದೊಂದಾಗಿ ಕಿರುಚಿಕೊಂಡು ರಸ್ತೆ ದಾಟಿದವು. ಕಿಟಕಿಯ ಕಟ್ಟೆಯ ಮೇಲಿದ್ದ ಹಾಲಿನ ಲೋಟದಲ್ಲಿ ಚಮಚ ಕಿಣಿಕಿಣಿ ಎಂದಿತು. ಮೂರನೆಯ ಗಾಡಿಗೆ ಮಗು ಎದ್ದಳು. ಮತ್ತೆ ಮಲಗಿದ್ದು ನಾಲ್ಕು ಗಂಟೆಗೆ.

ಎಲ್ಲ ರಾತ್ರಿಗಳೂ ಹಾಗಲ್ಲ. ಹೊಸ ಹಿಮ ಮೆತ್ತಗೆ ಬಿದ್ದಾಗ ಅದು ಅರಳೆಯಂತೆ ಸದ್ದನ್ನು ಹೀರಿಕೊಳ್ಳುತ್ತದೆ. ಆಕಾಶ ತಿಳಿಯಾಗಿ, ಗಾಳಿ ನಿಂತು, ಚಳಿ ಕೊರೆಯುವಾಗ ನೆಲದ ಬಳಿಯ ಗಾಳಿ ಮೇಲಿನದಕ್ಕಿಂತ ತಣ್ಣಗಿರುತ್ತದೆ. ಮೇಲೇರಿದ ಸದ್ದು ಬಾಗಿ ಮತ್ತೆ ನೆಲಕ್ಕೇ ಇಳಿಯುತ್ತದೆ. ಆಗ ದೂರದ ಗಾಡಿಯೂ ಹಿತ್ತಲಿನಲ್ಲೇ ಇದ್ದಂತೆ ಕೇಳಿಸುತ್ತದೆ.

ಕಾನೂನು ಇದೆ. ಮಿಶಿಗನ್ನಿನಲ್ಲಿ ಪೂರ್ತಿ ವೇಗದ ಗಾಡಿಯ ಸದ್ದು 50 ಅಡಿ ದೂರದಲ್ಲಿ 78 ಡೆಸಿಬೆಲ್ ಮೀರುವಂತಿಲ್ಲ. ದೂರ ಇಮ್ಮಡಿಯಾದಂತೆಲ್ಲ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಆ ಲೆಕ್ಕದಲ್ಲಿ ನಮ್ಮ ಮನೆಗೆ ಮುಟ್ಟಬೇಕಾದದ್ದು 66, ಇಬ್ಬರು ಎದುರುಬದುರು ತುಸು ಗಟ್ಟಿಯಾಗಿ ಮಾತನಾಡಿದಷ್ಟು. ನಡುರಾತ್ರಿಯಿಂದ ಬೆಳಗಿನ 6ರವರೆಗೆ ಮನೆಯೊಂದರ 100 ಅಡಿಯೊಳಗೆ ತೆವಳುವ ವೇಗದಲ್ಲಷ್ಟೇ ಹೋಗಬೇಕೆಂಬ ನಿಯಮವೂ ಇದೆ. ನಮ್ಮದು 200 ಅಡಿ, ಅದು ನಮಗೆ ಒದಗಲಿಲ್ಲ. ನಿಮ್ಮ ಮನೆಯ ದೂರವನ್ನು ಟೇಪು ಹಿಡಿದು ಅಳೆಯಿರಿ. ಗಾಡಿಯೊಂದಿಗೆ ಬಂದ ಸೈಲೆನ್ಸರ್ ಕಿತ್ತು ಅಬ್ಬರದ ಕೊಳವೆ ಹಾಕಿಸಿಕೊಂಡವರಿಗೆ ಈ ಅಂಕಿಗಳೆಲ್ಲ ಲೆಕ್ಕಕ್ಕಿಲ್ಲ, ಅವರ ಮೇಲಿನ ನನ್ನ ಸಿಟ್ಟು ಇಳಿದಿಲ್ಲ. ಈ ದಾರಿಗಳ ಎಷ್ಟೋ ಭಾಗ ಖಾಸಗಿ ಜಮೀನಿನ ಮೇಲೆ, ಒಡೆಯರ ಒಪ್ಪಿಗೆಯಿಂದ ಹೋಗುತ್ತದೆ. ನಾಲ್ಕು ಜನರ ಹಾವಳಿಗೆ ರೋಸಿ ಒಬ್ಬ ಒಡೆಯ ಒಪ್ಪಿಗೆ ಹಿಂತೆಗೆದುಕೊಂಡರೆ ಎಲ್ಲರ ದಾರಿಯೂ ಅಲ್ಲಿಗೆ ಕಡಿಯುತ್ತದೆ.

ಮಗು ಎದ್ದ ಆ ರಾತ್ರಿಯ ಮರುದಿನ ಪಕ್ಕದ ಮನೆಯ ಹಿರಿಯರ ಬಳಿ ಜಗಳಕ್ಕೆಂದೇ ಹೋದೆ. ಅವರು ಸ್ಥಳೀಯ ಕ್ಲಬ್ಬಿಗಾಗಿ ದಾರಿ ಸಪಾಟು ಮಾಡುವ ಗ್ರೂಮರ್ ಓಡಿಸುತ್ತಾರೆ. ದೂರನ್ನು ಪೂರ್ತಿ ಕೇಳಿ, ಅಂದು ರಾತ್ರಿ ನನ್ನನ್ನೂ ಆ ಯಂತ್ರಕ್ಕೆ ಹತ್ತಿಸಿಕೊಂಡರು. ಹಿಂದೆ ಕಟ್ಟಿದ ಉಕ್ಕಿನ ಚೌಕಟ್ಟು ಹಳ್ಳ ದಿಣ್ಣೆ ಬಿದ್ದ ಹಿಮವನ್ನು ಹೆರೆದು ಒತ್ತುತ್ತಾ ಬರುತ್ತಿತ್ತು. ಬೆಳಗಿನೊಳಗೆ ಅದು ಗಾರೆಯಂತೆ ಗಟ್ಟಿಯಾಗಬೇಕು, ಹಾಗಾಗಿ ಈ ಕೆಲಸ ರಾತ್ರಿಯೇ ಆಗಬೇಕು. ಕೆನಡಾದ ಕ್ವಿಬೆಕ್ಕಿನ ಬಾಂಬಾರ್ಡಿಯೇ ಅವರ ಕಥೆಯನ್ನು ನಾನು ಮೊದಲು ಕೇಳಿದ್ದು ಆ ಕ್ಯಾಬಿನ್ನಿನಲ್ಲಿ. 1934ರ ಚಳಿಗಾಲದಲ್ಲಿ ಹಿಮದಿಂದಾಗಿ ಪುಟ್ಟ ಮಗನನ್ನು ಆಸ್ಪತ್ರೆಗೆ ಒಯ್ಯಲಾಗದೆ ಕಳೆದುಕೊಂಡ ಮೆಕ್ಯಾನಿಕ್ ಅವರು. ಹಿಮದ ಮೇಲೆ ಓಡುವ ಗಾಡಿಯ ಕೆಲಸವನ್ನು ಕೈಬಿಡಲಿಲ್ಲ, 1959ರಲ್ಲಿ ಸ್ಕೀ-ಡೂ ಎಂಬ ಅವರ ಸ್ನೋಮೊಬೈಲ್ ಬಂತು. ಮಗುವನ್ನು ಎತ್ತಿಕೊಂಡು ರಾತ್ರಿ ಕಳೆದಿದ್ದ ನನಗೆ ಆ ಮಾತು ನಾಟಿತು. ಮುಂದೆ ಕ್ಲಬ್ಬಿನ ಸಭೆಗೂ ಅವರೇ ಕರೆದೊಯ್ದರು. ರಸ್ತೆ ದಾಟುವಲ್ಲಿ ‘ಮನೆಗಳಿವೆ, ನಿಧಾನ’ ಎಂಬ ಫಲಕ ನಿಂತಿತು. ಹೆಚ್ಚಿನವರು ಅದನ್ನು ಪಾಲಿಸುತ್ತಾರೆ.

ಮನೆಯಲ್ಲಿ ನಾವು ಮಲಗುವ ಕೋಣೆಯನ್ನು ಮುಂಭಾಗಕ್ಕೆ ಬದಲಿಸಿದೆವು, ಹಿಂದಿನ ಕಿಟಕಿಗಳಿಗೆ ಇನ್ನೊಂದು ಪದರ ಗಾಜು ಹಾಕಿಸಿದೆವು. ಅಂಗಳದ ಹಿಮವನ್ನೆಲ್ಲ ದಾರಿಯ ಕಡೆಗೇ ಆಳೆತ್ತರ ಒಟ್ಟುತ್ತೇವೆ, ಅದರಿಂದ ಸ್ವಲ್ಪ ಉಪಯೋಗವಿದೆ. ಒಂದು ಸಾಲು ಮರ ನೆಟ್ಟರೆ ಸಾಕೆನ್ನುವವರನ್ನು ನಂಬಬೇಡಿ. ಮಗುವಿನ ಕೋಣೆಯಲ್ಲಿ ಗೋಡೆಗೆ ಮುಖಮಾಡಿಸಿ ಟೇಬಲ್ ಫ್ಯಾನ್ ಹಾಕಿಡಿ. ಊರಿನಲ್ಲಿ ಫ್ಯಾನಿನ ಸದ್ದಿಗೇ ನಿದ್ದೆ ಹೋಗುತ್ತಿದ್ದ ನಮಗೆ ಹೊರಗೆ ಸೊನ್ನೆಗಿಂತ 20 ಡಿಗ್ರಿ ಕೆಳಗಿರುವಾಗಲೂ ಅದೇ ಆಸರೆಯಾಯಿತು.

ಸಾಧ್ಯವಿದ್ದರೆ ಫೆಬ್ರವರಿಯ ಒಂದು ಶನಿವಾರ ರಾತ್ರಿ ಆ ಮನೆಗೆ ಹೋಗಿ, ಮಲಗುವ ಕೋಣೆಯ ದೀಪ ಆರಿಸಿ ಒಂದು ಗಂಟೆ ಕುಳಿತುಕೊಳ್ಳಿ. ಬೆಳಿಗ್ಗೆ, ದಾರಿಯು ರಸ್ತೆಯನ್ನು ದಾಟುವ ಜಾಗದವರೆಗೆ ಹೆಜ್ಜೆ ಎಣಿಸಿ. 300 ಹೆಜ್ಜೆಯೊಳಗೆ ಇದ್ದರೆ, ಮಗು ಇಷ್ಟು ಚಿಕ್ಕದಿರುವಾಗ, ನಾನಾದರೆ ಬೇರೆ ಮನೆ ಹುಡುಕುತ್ತೇನೆ.