ಆಸ್ಪತ್ರೆಯ ನರ್ಸಿಂಗ್ ಮಂಡಳಿಗೂ ನೌಕರರ ಸಂಘಕ್ಕೂ ಏನು ವ್ಯತ್ಯಾಸ?

ಬೆಳಗಾವಿಯ ಆಸ್ಪತ್ರೆಯೊಂದರಲ್ಲಿ ಶುಶ್ರೂಷಾಧಿಕಾರಿಗಳ ಸಹಭಾಗಿ ಆಡಳಿತ ಮಂಡಳಿ, ಅಂದರೆ ಆರೈಕೆಯ ನಿರ್ಧಾರಗಳಲ್ಲಿ ನರ್ಸುಗಳೇ ಪಾಲುಗೊಳ್ಳುವ ಮಂಡಳಿ, ರಚಿಸಿದರೆ ಅದು ನೌಕರರ ಸಂಘದ ಕೆಲಸವನ್ನೇ ಮಾಡಿದಂತಾಗುವುದಿಲ್ಲವೇ ಎಂದು ಕೇಳಿದ್ದೀರಿ. ಇಲ್ಲ. ಸಂಘವು ವೇತನ, ಬಡ್ತಿ, ಸೇವಾ ಭದ್ರತೆಗಳ ಪರವಾಗಿ ಮಾತನಾಡುತ್ತದೆ. ಮಂಡಳಿಯು ಆರೈಕೆಯ ವಿಧಾನ, ಗುಣಮಟ್ಟ ಮತ್ತು ತರಬೇತಿಯ ಕುರಿತು ನಿರ್ಧರಿಸುತ್ತದೆ. 1980ರ ದಶಕದಲ್ಲಿ ಅಮೆರಿಕದಲ್ಲಿ ನರ್ಸಿಂಗ್ ತಜ್ಞ ಟಿಮ್ ಪೋರ್ಟರ್-ಓಗ್ರೇಡಿ ಮೊದಲಾದವರು ಪ್ರತಿಪಾದಿಸಿದ ಈ ಪದ್ಧತಿಯಲ್ಲಿ ಸಾಮಾನ್ಯವಾಗಿ ವಾರ್ಡಿಗೊಂದು ಮಂಡಳಿ ಇದ್ದು, ಅಲ್ಲಿ ಬಗೆಹರಿಯದ ವಿಷಯವು ಆಸ್ಪತ್ರೆ ಮಟ್ಟದ ಮಂಡಳಿಗೆ ಹೋಗುತ್ತದೆ.

ಬೆಳಗಾವಿಯಲ್ಲಿ ಇದರ ಅಗತ್ಯ ಬೇಗ ಮನವರಿಕೆಯಾಗುತ್ತದೆ. ಖಾನಾಪುರ, ಚಂದಗಡಗಳ ಕಡೆಯಿಂದ ಬರುವ ಎಷ್ಟೋ ರೋಗಿಗಳ ಮನೆಮಾತು ಮರಾಠಿ. ಬಿಡುಗಡೆಯ ದಿನ ಹೇಳಿದ ಔಷಧಿಯ ಕ್ರಮ ಅವರಿಗೆ ತಿಳಿಯಿತೋ ಇಲ್ಲವೋ ಎಂಬುದು ಹಾಸಿಗೆಯ ಪಕ್ಕ ನಿಂತು ವಿವರಿಸುವ ನರ್ಸಿಗೆ ಗೊತ್ತಾಗುವಷ್ಟು ಬೇರೆಯವರಿಗೆ ಗೊತ್ತಾಗುವುದಿಲ್ಲ, ಆದ್ದರಿಂದ ಆ ಸೂಚನೆಗಳನ್ನು ಕನ್ನಡ, ಮರಾಠಿ ಎರಡೂ ಭಾಷೆಗಳಲ್ಲಿ ಹೇಗೆ ಬರೆಯಬೇಕು, ಪಾಳಿ ಬದಲಾಗುವಾಗ ಏನನ್ನು ತಪ್ಪದೆ ತಿಳಿಸಬೇಕು ಎಂಬುದನ್ನು ನರ್ಸುಗಳೇ ತೀರ್ಮಾನಿಸುವುದು ನ್ಯಾಯ.

ಆದರೆ ಸಭೆಯ ಸಮಯವನ್ನು ಕರ್ತವ್ಯದ ಅವಧಿಯೆಂದು ಪರಿಗಣಿಸದಿದ್ದರೆ ರಾತ್ರಿ ಪಾಳಿ ಮುಗಿಸಿದವರು ಬರಲಾರರು. ಮಂಡಳಿಯ ನಿರ್ಣಯವನ್ನು ಆಡಳಿತವು ಒಪ್ಪದಿದ್ದರೆ ಕಾರಣವನ್ನು ಲಿಖಿತವಾಗಿ ಕೊಡಬೇಕೆಂಬ ನಿಯಮವನ್ನೂ ಮೊದಲೇ ಸೇರಿಸಿಕೊಳ್ಳಿ.