ವಿನೀರ್ ಕಪಾಟಿಗೆ ಪಾಲಿಶ್ ಹಚ್ಚಬೇಕೇ, ಪೈಂಟ್ ಬಳಿಯಬೇಕೇ?

ಬದಿಯಡ್ಕದ ಮನೆಯಲ್ಲಿರುವ ಹಳೆಯ ತೇಗದ ವಿನೀರ್ ಕಪಾಟು ಮಾಸಿದೆ, ಬಾಗಿಲಿನ ಕೆಳಭಾಗ ಉಬ್ಬಿದೆ, ಮೆಷಿನ್ ಬಾಡಿಗೆಗೆ ತಂದು ಉಜ್ಜಿ ಬಿಳಿ ಪೈಂಟ್ ಬಳಿದುಬಿಡಲೇ ಎಂದು ಕೇಳಿದ್ದೀರಿ. ಮೆಷಿನ್ ಖಂಡಿತ ಬೇಡ. ಪೈಂಟಿನ ಮಾತು ಆಮೇಲೆ.

ವಿನೀರ್ ಎಂಬುದು ಪ್ಲೈವುಡ್ ಮೇಲೆ ಅಂಟಿಸಿದ ನಿಜವಾದ ಮರದ ತೆಳು ಹಾಳೆ. ಸಾಮಾನ್ಯವಾಗಿ ಸುಮಾರು ಅರ್ಧ ಮಿಲಿಮೀಟರ್ ದಪ್ಪ, ಅಷ್ಟೇ. ಹಲಸಿನ ಹಲಗೆಯನ್ನು ತಿಕ್ಕಿದ ಹಾಗೆ ಇದನ್ನು ತಿಕ್ಕಿದರೆ ನೋಡನೋಡುತ್ತಿದ್ದಂತೆ ಅಂಚಿನಲ್ಲಿ ಪ್ಲೈ ಇಣುಕುತ್ತದೆ. ಹೋದ ತೇಗವನ್ನು ಯಾವ ಪಾಲಿಶೂ ಮರಳಿ ತರುವುದಿಲ್ಲ. 220 ನಂಬರಿನ ಸ್ಯಾಂಡ್ ಪೇಪರನ್ನು ಮರದ ತುಂಡಿಗೆ ಸುತ್ತಿ, ಎಳೆಯ ಗುಂಟ ಹಗುರವಾಗಿ ಆಡಿಸಿದರೆ ಸಾಕು.

ಅದಕ್ಕೂ ಮೊದಲು ಹಳೆಯ ಪಾಲಿಶ್ ಯಾವುದೆಂದು ತಿಳಿಯಿರಿ. ಕಣ್ಣಿಗೆ ಬೀಳದ ಮೂಲೆಯಲ್ಲಿ ಸ್ಪಿರಿಟ್ ಅದ್ದಿದ ಹತ್ತಿಯನ್ನು ಒತ್ತಿ ಹಿಡಿಯಿರಿ. ಮೇಲ್ಮೈ ಅಂಟಂಟಾದರೆ ಅದು ಅರಗಿನ ಪಾಲಿಶ್. ಸ್ಪಿರಿಟ್‌ಗೆ ಜಗ್ಗದೆ ಥಿನ್ನರ್‌ಗೆ ಕರಗಿದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಮೆಲಮೈನ್ ಅಥವಾ ಪಿಯು (ಪಾಲಿಯುರೆಥೇನ್) ಎಂಬ ಗಟ್ಟಿ ಲೇಪ ಇರಬಹುದು. ಅರಗಿನದಾದರೆ ನಿಮ್ಮ ಅದೃಷ್ಟ: ಕೆರೆಯುವುದೇ ಬೇಡ, ಟರ್ಪೆಂಟೈನಿನಿಂದ ಜಿಡ್ಡು ಒರೆಸಿ ಅದರ ಮೇಲೆಯೇ ಹೊಸದನ್ನು ಹಚ್ಚಬಹುದು, ಹಳೆಯದರೊಂದಿಗೆ ಬೆರೆತುಹೋಗುತ್ತದೆ.

ಈಗ ಉಬ್ಬಿದ ಬಾಗಿಲು. ಅದನ್ನು ಕಳಚಿ ನೆಲದ ಮೇಲೆ ಮಲಗಿಸಿ, ಬೆರಳಿನ ಗಂಟಿನಿಂದ ತಟ್ಟುತ್ತಾ ಹೋಗಿ. ಪೊಳ್ಳು ಸದ್ದು ಬರುವಷ್ಟು ಜಾಗದಲ್ಲಿ ಅಂಟು ಬಿಟ್ಟಿದೆ ಎಂದು ಅರ್ಥ. ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ. ಹೊಸ ಬ್ಲೇಡಿನಿಂದ ಎಳೆಯ ಗುಂಟವೇ ಸೀಳಿ. ಅಡ್ಡಕ್ಕೆ ಕೊಯ್ದರೆ ಆ ಗೆರೆ ಕೊನೆಯವರೆಗೂ ಕಣ್ಣಿಗೆ ಚುಚ್ಚುತ್ತದೆ. ಫೆವಿಕಾಲಿಗೆ ತುಸು ನೀರು ಬೆರೆಸಿ, ದಪ್ಪ ಸೂಜಿಯ ಸಿರಿಂಜಿನಿಂದ ಸೀಳಿನೊಳಗೆ ಬಿಟ್ಟು, ಅಂಗೈಯಿಂದ ನೀವಿ. ಹೊರಗೆ ಉಕ್ಕಿದ ಅಂಟನ್ನು ಒದ್ದೆ ಬಟ್ಟೆಯಿಂದ ಆಗಲೇ ಒರೆಸಬೇಕು, ಇಲ್ಲದಿದ್ದರೆ ಅಲ್ಲಿ ಪಾಲಿಶ್ ಹಿಡಿಯದೆ ಮಚ್ಚೆ ಉಳಿಯುತ್ತದೆ. ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಸಪಾಟಾದ ಹಲಗೆ, ಅದರ ಮೇಲೆ ಮನೆಯಲ್ಲಿರುವ ಭಾರವಾದ ವಸ್ತು. ಮರುದಿನದವರೆಗೆ ಮುಟ್ಟಬೇಡಿ. ಒಳಗಿನ ಪ್ಲೈಯ ಪದರಗಳೇ ಬಿಟ್ಟುಕೊಂಡಿದ್ದರೆ ಈ ಉಪಚಾರ ವ್ಯರ್ಥ. ಆಚಾರಿಯನ್ನು ಕರೆಸಿ ಬಾಗಿಲನ್ನೇ ಬದಲಿಸಿ.

ಪಾಲಿಶಿಗೆ ನಮ್ಮ ಕಾಸರಗೋಡಿನಲ್ಲಿ ಕಾಲ ನೋಡಲೇಬೇಕು. ಮಳೆಗಾಲದಲ್ಲಿ ಹಚ್ಚಿದರೆ ಸ್ಪಿರಿಟ್ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅಲ್ಲೇ ಕೂತು, ಪಾಲಿಶ್ ಬಿಳಿಚಿಕೊಳ್ಳುತ್ತದೆ. ಅಂಗಡಿಯವರು ಡಬ್ಬಿಯನ್ನು ದೂರುತ್ತಾರೆ, ಡಬ್ಬಿಯ ಕಂಪೆನಿಯವರು ನಿಮ್ಮ ಕೈಯನ್ನು. ಆದರೆ ದೋಷ ಹವೆಯದು. ತುಲಾಮಾಸದ ಗುಡುಗು ಮಳೆಯೂ ಮುಗಿಯಲಿ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ, ಬಿಸಿಲೇರಿ ಮಂಜಿನ ತೇವ ಆರಿದ ಮೇಲೆ ಕೈಹಾಕಿ. ಕಿಟಕಿಗಳು ತೆರೆದಿರಲಿ, ಹತ್ತಿರದಲ್ಲಿ ಒಲೆ ಉರಿಯದಿರಲಿ.

ಪೈಂಟಿನ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಎಳೆಗಳು ಚೆನ್ನಾಗಿರುವ ತೇಗವನ್ನು ಬಿಳಿ ಬಣ್ಣದಡಿ ಹೂಳುವುದು ಅನ್ಯಾಯ. ತೇಪೆ ಹೆಚ್ಚಾಗಿದ್ದರೆ ಮಾತ್ರ ಪೈಂಟ್ ಬಳಿಯಿರಿ. ಆಗಲೂ ನೇರವಾಗಿ ನೀರಿನ ಪೈಂಟ್ ಬೇಡ. ಮರದ ಕಂದು ರಸ ಬಿಳಿಯ ಮೂಲಕ ಹಳದಿ ಕಲೆಯಾಗಿ ಮೇಲೇಳುತ್ತದೆ. ಮೇಣ ತೆಗೆದ ಅರಗಿನ ಒಂದು ತೆಳು ಲೇಪ, ಆಮೇಲೆ ವುಡ್ ಪ್ರೈಮರ್, ಆಮೇಲೆ ಎನಾಮಲ್. ಪ್ರತಿಯೊಂದೂ ಪೂರ್ತಿ ಒಣಗಿದ ಮೇಲೆ ಮುಂದಿನದು.

ಪಾಲಿಶ್ ಇರಲಿ, ಪೈಂಟ್ ಇರಲಿ, ಬಾಗಿಲಿನ ಕೆಳ ಅಂಚಿಗೂ ಕಪಾಟಿನ ಬೆನ್ನಿಗೂ ಹಚ್ಚಲು ಮರೆಯಬೇಡಿ. ನೆಲ ಒರೆಸಿದ ನೀರು ಒಳಗೆ ಹೋಗುವುದು ಆ ಅಂಚಿನಿಂದಲೇ. ಮುರಕಲ್ಲಿನ ಗೋಡೆ ಮಳೆಗಾಲವಿಡೀ ತೇವ ಬಿಡುತ್ತದೆ; ಕಪಾಟನ್ನು ಮತ್ತೆ ಇಡುವಾಗ ನಡುವೆ ನಾಲ್ಕು ಬೆರಳು ಜಾಗ ಬಿಡಿ.