ಮೊದಲು ನಿಮ್ಮ ಸ್ಟಾಕ್ ಯಾವ ನೀರಿನಲ್ಲಿದೆ ನೋಡಿ

ಮದ್ದೂರಿನಿಂದ ಟ್ಯೂಬ್ ಫೋಟೋ ಹಾಕಿದವರಿಗೆ ಈ ಉತ್ತರ. ಕುರಿ ಆರ್‌ಬಿಸಿಗೆ, ಅಂದರೆ ಕೆಂಪು ರಕ್ತಕಣಕ್ಕೆ, ಪಿಎಲ್‌ಜಿಎ ಎಂಬ ಪಾಲಿಮರ್‌ನ ಅತಿ ಸಣ್ಣ ಪಾರ್ಟಿಕಲ್ ಅಂಟಿಸಲು ಹೋದೆ, ಸ್ಪಿನ್ ಮಾಡಿದ ಮೇಲೆ ಮೇಲುಳಿದ ದ್ರವ (ಸೂಪರ್ನೇಟೆಂಟ್) ಪೂರ್ತಿ ಕೆಂಪಾಯಿತು, ಪಾಲಿಮರ್ ಬದಲಿಸಲಾ, ಚಿಟೋಸಾನ್ (ಇನ್ನೊಂದು ಪಾಲಿಮರ್) ಕೋಟಿಂಗ್ ಹಾಕಲಾ ಅಂತ ಕೇಳಿದ್ದೀರಿ. ಔಷಧಿಯ ಪಾರ್ಟಿಕಲ್ ಆರ್‌ಬಿಸಿ ಮೇಲೆ ಸವಾರಿ ಮಾಡಿ ರಕ್ತದಲ್ಲಿ ಓಡಾಡಲಿ ಅನ್ನುವುದು ಇದರ ಉದ್ದೇಶ; ಕೆಂಪಾಯಿತು ಅಂದರೆ ಸೆಲ್ ಒಡೆದು ಒಳಗಿನ ಬಣ್ಣ ಹೊರಬಂತು ಅಂತ. ಕೆಳಗೆ ಎಲ್ಲರೂ ಬದಲಿಸಿ ಅಂತಲೇ ಬರೆದಿದ್ದಾರೆ. ದಯವಿಟ್ಟು ಈಗಲೇ ಏನೂ ಬದಲಿಸಬೇಡಿ. ನಾನು ಇದೇ ತಪ್ಪಿಗೆ ನಾಲ್ಕು ತಿಂಗಳು ಕಳೆದಿದ್ದೇನೆ.

ನಿಮ್ಮ ಪಾರ್ಟಿಕಲ್ ಸ್ಟಾಕ್ (ಪಾರ್ಟಿಕಲ್ ಬೆರೆಸಿಟ್ಟ ದ್ರವ) ಡಿಸ್ಟಿಲ್ಡ್ ವಾಟರ್‌ನಲ್ಲಿದೆ ಅಂತ ನೀವೇ ಬರೆದಿದ್ದೀರಿ. ಪಿಬಿಎಸ್‌ನಲ್ಲಿರುವ (ರಕ್ತದಷ್ಟೇ ಉಪ್ಪಿರುವ ಬಫರ್) ಸೆಲ್ 1 ಎಂಎಲ್, ಸ್ಟಾಕ್ 1 ಎಂಎಲ್. ಅಂದರೆ ಉಪ್ಪು ಅರ್ಧಕ್ಕೆ ಇಳಿಯಿತು. 0.9 ಪರ್ಸೆಂಟ್ ಇದ್ದದ್ದು 0.45ಕ್ಕೆ ಬಂತು. ಹೊರಗೆ ಉಪ್ಪು ಕಡಿಮೆಯಾದರೆ ನೀರು ಸೆಲ್ ಒಳಗೆ ನುಗ್ಗಿ ಅದು ಉಬ್ಬಿ ಒಡೆಯುತ್ತದೆ. ಮನುಷ್ಯರ ಆರ್‌ಬಿಸಿಯೇ ಅಲ್ಲಿ ಸೋರಲು ಶುರುವಾಗುತ್ತದೆ. ಕುರಿಯದು ಇನ್ನೂ ನಾಜೂಕು, 0.6ರ ಆಸುಪಾಸಿನಲ್ಲೇ ಒಡೆಯಲು ಶುರು. ಇದರಲ್ಲಿ ಪಾಲಿಮರ್‌ನ ತಪ್ಪೇನಿದೆ ಹೇಳಿ?

ನಾನು ಮೈಸೂರಿನಲ್ಲಿ ಪ್ರಾಜೆಕ್ಟ್ ಮಾಡುವಾಗ ಮೂರು ಸಲ ಪಾಲಿಮರ್ ಬದಲಿಸಿದೆ. ಪ್ರತಿ ಸಲವೂ ಬನ್ನೂರಿನ ಮಾಂಸದಂಗಡಿಯಿಂದ ಬೆಳಿಗ್ಗೆ ರಕ್ತ ತರುವುದು, ಬಸ್ಸಿನಲ್ಲಿ ಫ್ಲಾಸ್ಕ್ ತೊಡೆ ಮೇಲೆ ಇಟ್ಟುಕೊಂಡು ಬರುವುದು, ಮಧ್ಯಾಹ್ನ ಅದೇ ಕೆಂಪು. ಪಾರ್ಟಿಕಲ್ ವಿಷಕಾರಿ ಅಂತ ರಿಪೋರ್ಟ್‌ನಲ್ಲೂ ಬರೆದುಬಿಟ್ಟಿದ್ದೆ. ಕೊನೆಗೆ ಜೂನಿಯರ್ ಹುಡುಗಿಯೊಬ್ಬಳು ಪಾರ್ಟಿಕಲ್ ಇಲ್ಲದ ಬರೀ ನೀರನ್ನು ಅಷ್ಟೇ ಅಳತೆಗೆ ಹಾಕಿ ಸ್ಪಿನ್ ಮಾಡಿದಳು. ಅದೂ ಅಷ್ಟೇ ಕೆಂಪು. ಆ ಒಂದು ಟ್ಯೂಬ್ ಅನ್ನು ನಾನು ಮೊದಲ ದಿನವೇ ಇಡಬೇಕಿತ್ತು. ಸೆಲ್ ಒಡೆಯದ ಪಿಬಿಎಸ್ ಸೊನ್ನೆ ಕಂಟ್ರೋಲ್, ಸೆಲ್ ಪೂರ್ತಿ ಒಡೆಯುವ ಟ್ರೈಟಾನ್ ಡಿಟರ್ಜೆಂಟ್ ನೂರರ ಕಂಟ್ರೋಲ್, ಇವೆರಡನ್ನೇ ಇಟ್ಟು ಕೂತರೆ ಇದು ಗೊತ್ತೇ ಆಗುವುದಿಲ್ಲ.

ನನಗೆ ಸರಿಹೋದದ್ದು ಹೀಗೆ. ಒಂಬತ್ತು ಪಾಲು ಸ್ಟಾಕ್‌ಗೆ ಒಂದು ಪಾಲು 10 ಪಟ್ಟಿನ ಪಿಬಿಎಸ್ ಸೇರಿಸಿ, ಆಮೇಲೆ ಸೆಲ್‌ಗೆ ಹಾಕಿ. ಆದರೆ ಉಪ್ಪು ಬಿದ್ದ ಕೂಡಲೇ ಕೆಲವು ಪಾರ್ಟಿಕಲ್ ಒಂದಕ್ಕೊಂದು ಅಂಟಿ ಮೊಸರಿನ ಹಾಗೆ ಕೂರುತ್ತವೆ. ಪಿವಿಎ ಎಂಬ ಪಾಲಿಮರ್‌ನ ಕೋಟಿಂಗ್ ಇದ್ದರೆ ಪಾರ್ಟಿಕಲ್ ಸಾಮಾನ್ಯವಾಗಿ ಉಪ್ಪನ್ನು ತಾಳಿಕೊಳ್ಳುತ್ತದೆ, ಬರೀ ವಿದ್ಯುತ್ ಚಾರ್ಜ್‌ನಿಂದ ದೂರ ದೂರ ನಿಂತದ್ದು ತಾಳಿಕೊಳ್ಳುವುದಿಲ್ಲ. ಹಾಗೆ ಕೂತರೆ ಸ್ಟಾಕ್ ಅನ್ನು 9.25 ಪರ್ಸೆಂಟ್ ಸುಕ್ರೋಸ್‌ನಲ್ಲಿ (ಸಕ್ಕರೆ) ಮಾಡಿ, ಉಪ್ಪಿಲ್ಲದೆಯೂ ಸೆಲ್ ಒಡೆಯುವುದಿಲ್ಲ. ಆದರೆ ಅಂಟಿಸುವಾಗ ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಇರುವ ಮೀಡಿಯಂನಲ್ಲಿ ಬೆರೆಸಲೇಬೇಡಿ. ಪ್ರೋಟೀನ್ ಮೊದಲು ಹೋಗಿ ಪಾರ್ಟಿಕಲ್ ಮೇಲೆ ಕೂತುಬಿಡುತ್ತದೆ, ಸೆಲ್‌ಗೆ ಅಂಟಲು ಜಾಗವೇ ಇರುವುದಿಲ್ಲ.

ಚಿಟೋಸಾನ್ ಸಲಹೆ ಕೊಟ್ಟವರಿಗೆ ಒಂದು ಮಾತು. ಅದು ಆರ್‌ಬಿಸಿಗಳನ್ನೇ ಗುಂಪುಗಟ್ಟಿಸುತ್ತದೆ. ರಕ್ತ ನಿಲ್ಲಿಸುವ ಬ್ಯಾಂಡೇಜ್‌ನಲ್ಲಿ ಅದನ್ನು ಬಳಸುವುದೇ ಅದಕ್ಕೆ. ಗೊತ್ತಿಲ್ಲದೆ ಸುಮ್ನೆ ಹೇಳಬಾರದು, ಒಬ್ಬರ ಸೆಮಿಸ್ಟರ್ ಹೋಗುತ್ತದೆ.

ಕೆಂಪು ನಿಂತಿತು ಅಂತ ಖುಷಿಪಟ್ಟು ನಿಲ್ಲಿಸಬೇಡಿ. ಒಡೆಯದ ಸೆಲ್ಲಿಗೂ ಪೆಟ್ಟು ಬಿದ್ದಿರಬಹುದು. ಪಾರ್ಟಿಕಲ್ ಜಾಸ್ತಿ ಹೇರಿದಷ್ಟೂ ಪೊರೆ ಬಿಗಿಯಾಗುತ್ತದೆ, ಅಂಥದ್ದನ್ನು ಮೈಯೊಳಗೆ ಗುಲ್ಮ (ಸ್ಪ್ಲೀನ್) ಬೇಗ ಹಿಡಿದು ತೆಗೆಯುತ್ತದೆ. ಆಗ ಸವಾರಿ ಕೊಟ್ಟು ಏನು ಬಂತು? ಸಂಶೋಧಕ ಸಮೀರ್ ಮಿತ್ರಗೋತ್ರಿ ಅವರು 2004ರಲ್ಲಿ ಪಾಲಿಸ್ಟೈರೀನ್ ಪ್ಲಾಸ್ಟಿಕ್ ಮಣಿಗಳನ್ನು ಆರ್‌ಬಿಸಿಗೆ ಅಂಟಿಸಿ ತೋರಿಸಿದ್ದೇ ಅವು ರಕ್ತದಲ್ಲಿ ಜಾಸ್ತಿ ಹೊತ್ತು ಉಳಿಯುತ್ತವೆ ಅಂತ. ಅಭಿಧಮನಿಗೆ (ವೇನ್) ಚುಚ್ಚಿದ ಸೆಲ್ ಹೃದಯ ದಾಟಿ ಮೊದಲು ಸಿಗುವ ಸಣ್ಣ ನಾಳಗಳು ಶ್ವಾಸಕೋಶದವು. ಅಲ್ಲಿ ಹಿಂಡಿಕೊಂಡು ಹೋಗುವಾಗ ಪಾರ್ಟಿಕಲ್ ಉಜ್ಜಿ ಅಲ್ಲೇ ಬೀಳುತ್ತದೆ. ಸೆಲ್ ಇಲ್ಲದೆ ಪಾರ್ಟಿಕಲ್‌ಗಳನ್ನೇ ಒಂಟಿಯಾಗಿ ಬಿಟ್ಟರೆ ಹೆಚ್ಚಿನವು ಲಿವರ್ ಪಾಲು. ಹಾಗಾಗಿ ಆಸ್ಮಾಟಿಕ್ ಫ್ರಾಜಿಲಿಟಿ (ಎಷ್ಟು ಕಡಿಮೆ ಉಪ್ಪಿಗೆ ಸೆಲ್ ಒಡೆಯುತ್ತದೆ ಅನ್ನುವ ಪರೀಕ್ಷೆ) ಮಾಡಿ, ಅಂಟಿಸಿ ಮುಗಿದ ಸೆಲ್ ಅನ್ನು ಸೀರಮ್‌ನಲ್ಲಿ ಹಾಕಿ ಗುಂಪುಗಟ್ಟುತ್ತದಾ ಅಂತ ಮೈಕ್ರೋಸ್ಕೋಪ್‌ನಲ್ಲಿ ನೋಡಿ. ಕಣ್ಣಳತೆ ಬೇಡ.

ಕೆಂಪು ಎಷ್ಟಿದೆ ಅಂತ ಅಳೆಯಲು 540 ನ್ಯಾನೋಮೀಟರ್ ಬೆಳಕಿನಲ್ಲಿ ರೀಡಿಂಗ್ ತೆಗೆಯುವಾಗ ಪಾರ್ಟಿಕಲ್ ಉಳಿದಿದ್ದರೆ ಬೆಳಕು ಚದುರಿ ಸುಳ್ಳು ಅಂಕಿ ಬರುತ್ತದೆ. ಬರೀ ಪಾರ್ಟಿಕಲ್‌ನ ಬ್ಲ್ಯಾಂಕ್ ಇಡಿ. ಮತ್ತೆ, ಸೆಂಟ್ರಿಫ್ಯೂಜ್ ಸ್ಪೀಡ್ ಹೇಳುವಾಗ ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಬರೆಯಬೇಡಿ, ಜಿ (ಗುರುತ್ವದ ಎಷ್ಟು ಪಟ್ಟು ಬಲ) ಬರೆಯಿರಿ. ನಿಮ್ಮ ರೋಟರ್ ನಮ್ಮ ರೋಟರ್ ಅಲ್ಲ. ಕುರಿ ಸೆಲ್ ಸುಮಾರು 4.5 ಮೈಕ್ರಾನ್, ಮನುಷ್ಯರದು 7ರಿಂದ 8. ಹಾಗಾಗಿ ಮನುಷ್ಯರ ರಕ್ತಕ್ಕೆ ಬರೆದ ಸ್ಪೀಡ್‌ನಲ್ಲಿ ತಳದಲ್ಲಿ ಕೂರುವ ಸೆಲ್ ಮುದ್ದೆ (ಪೆಲೆಟ್) ಸಡಿಲ. ನಾನು 1000 ಜಿ, ಹತ್ತು ನಿಮಿಷ ಕೊಡುತ್ತೇನೆ. ನಮ್ಮ ದೇಶದ ರೆಮಿ ಕಂಪನಿಯ ಸೆಂಟ್ರಿಫ್ಯೂಜ್ ಸಾಕು, ಹೊರದೇಶದ ಯಂತ್ರ ಬೇಕಿಲ್ಲ. ಪಿಬಿಎಸ್‌ಗೆ ಹೈಮೀಡಿಯಾ ಕಂಪನಿಯ, ನೀರಲ್ಲಿ ಕರಗಿಸುವ ಟ್ಯಾಬ್ಲೆಟ್ ಚೆನ್ನಾಗಿದೆ, ಆದರೆ ಕವರ್ ಮೇಲೆ ಬರೆದ ನೀರಿನ ಅಳತೆ ಓದಿ.

ಫ್ಲಾಸ್ಕ್‌ನಲ್ಲಿ ರಕ್ತದ ಟ್ಯೂಬ್ ಐಸ್‌ಗೆ ನೇರ ತಾಗಬಾರದು, ಹೆಪ್ಪುಗಟ್ಟಿದರೆ ಅಲ್ಲೇ ಒಡೆಯುತ್ತದೆ. ಬಟ್ಟೆ ಸುತ್ತಿ. ಜೋರಾಗಿ ಅಲುಗಾಡಿಸುವ ವಾರ್ಟೆಕ್ಸ್ ಯಂತ್ರ ಬೇಡವೇ ಬೇಡ. ಪಿಪೆಟ್ ಟಿಪ್‌ನ ತುದಿ ಕತ್ತರಿಸಿ ನಿಧಾನ ಎಳೆಯಿರಿ.

ಒಡೆದದ್ದನ್ನು ಚೆಲ್ಲಬೇಡಿ. 2011ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಸಂಶೋಧಕ ಲಿಯಾಂಗ್‌ಫಾಂಗ್ ಝಾಂಗ್ ತಂಡ ಆರ್‌ಬಿಸಿಯನ್ನು ಬೇಕಂತಲೇ ಕಡಿಮೆ ಉಪ್ಪಿನಲ್ಲಿ ಒಡೆದು, ಆ ಪೊರೆಯನ್ನೇ ಪಿಎಲ್‌ಜಿಎ ಮೇಲೆ ಹೊದಿಸಿತು. ಪೊರೆಯನ್ನು ತೊಳೆದು ಪೂರ್ತಿ ಬೆಳ್ಳಗಾಗುವವರೆಗೆ ಸ್ಪಿನ್ ಮಾಡಿ ಇಟ್ಟುಕೊಳ್ಳಿ, ಮುಂದೆ ಕೋಟಿಂಗ್ ಕಲಿಯಲು ಬೇಕಾಗುತ್ತದೆ. ನಾಳೆ ಬರೀ ನೀರಿನ ಟ್ಯೂಬ್ ಒಂದು ಇಟ್ಟು, ಅದರ ಫೋಟೋ ಇಲ್ಲೇ ಹಾಕಿ. ನೋಡುತ್ತೇನೆ.